ಅಮ್ಮ ಬರುವ ಸಂಜೆಯ ಕೆಂಪು ಗೋಡೆ

ನಾನು ಚಿಕ್ಕವನಿದ್ದಾಗ ಹಲಸೂರು ಕೆರೆಯ ಹತ್ತಿರದ ನಮ್ಮ ಮನೆಗೆ ಒಂದೇ ಒಂದು ಗೋಡೆಯಿತ್ತು. ಅಂದರೆ ನನಗೆ ನೆನಪಿರುವುದು ಅದೊಂದೇ. ಉಳಿದ ಗೋಡೆಗಳೂ ಇದ್ದೇ ಇರಬೇಕು.

ಅಮ್ಮ ಆಸ್ಪತ್ರೆ ಸೇರಿ ಬಹಳ ದಿನವಾಗಿತ್ತು. ಅಲ್ಲಿನ ಬಿಳಿ ಗೋಡೆ ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಮನೆಗೆ ಬಂದಾಗ ಹೊಸ ಮಡಕೆಯ ಬಣ್ಣದ ಗೋಡೆ ಕಾಣಬೇಕು ಎಂದು ಅಪ್ಪನಿಗೆ ಹೇಳಿದ್ದಳು. ಆ ದಿನ ಸಂಜೆ ಅವಳು ಬರುವವಳಿದ್ದಳು.

ಬೆಳಿಗ್ಗೆಯೇ ಅಪ್ಪ ನೆನೆದ ಸುಣ್ಣ ಸೋಸಿ, ಕೆಮ್ಮಣ್ಣಿನ ಪುಡಿ, ಕಾಯಿಸಿದ ಅಂಟು ಸೇರಿಸಿ ಕಲಕಿದ. ಮೂಗು ಚುಚ್ಚುವ ತಂಪು ವಾಸನೆ ಮನೆಯಿಡೀ ತುಂಬಿತು. ಪಕ್ಕದ ಮನೆಯ ಚಾಚಾ ಬಣ್ಣ ಬಳಿಯುವ ಕೆಲಸದವರು. ಅವರ ಏಣಿ ತರಲು ಅಪ್ಪ ಹೋದಾಗ ನಾನು ಬಕೆಟ್ಟಿನೊಳಗೆ ಇಣುಕಿದೆ. ಬೆಲ್ಲದ ಪಾಕದಷ್ಟು ಕಪ್ಪು! ಅಮ್ಮನ ಮಡಕೆ ಹೀಗಿರುವುದಿಲ್ಲವಲ್ಲ ಎಂದುಕೊಂಡು ಎರಡು ಮಗ್ ಸುಣ್ಣ ಸುರಿದೆ. ಬಣ್ಣ ಮಡಕೆಯಂತೆಯೇ ಆಯಿತು. ಅಪ್ಪ ಬಂದು ಏನೂ ಅರಿಯದೆ ಗೋಡೆ ತುಂಬ ಬಳಿದ.

ಮಧ್ಯಾಹ್ನ ಒಣಗಿದಾಗ ಅಕ್ಕ ಕಿರುಚಿದಳು. "ಅಪ್ಪಾ, ರೋಸ್ ಮಿಲ್ಕ್ ಚೆಲ್ಲಿದಂಗಿದೆ!"

ಅಪ್ಪ ಕುಂಚ ಹಿಡಿದೇ ಕುಸಿದು ಕೂತ. "ನಂದೇ ತಪ್ಪು. ಸುಣ್ಣ ಜಾಸ್ತಿ ಹಾಕ್ಬಿಟ್ಟೆ. ಇನ್ನೇನು, ಅವಳು ಬರೋ ಹೊತ್ತಾಯ್ತು."

ಚಾಚಾ ಗೋಡೆ ಸವರಿ ನಕ್ಕರು. "ಅರೆ ಸಾಬ್, ಸುಣ್ಣ ಹಸಿ ಇದ್ದಾಗ ಸುಳ್ಳು ಹೇಳ್ತದೆ. ಕಲಸೋವಾಗ ಕರ್ರಗಿರ್ಬೇಕು, ಒಣಗಿದ್ರೆ ಸರಿ ಹೋಗ್ತದೆ. ಏಳಿ, ಇನ್ನೊಂದು ಕೈ ಹೊಡೆಯೋಣ."

"ಸುಣ್ಣ ಹಾಕಿದ್ದು ನಾನು" ಎಂದೆ. ನನ್ನ ದನಿ ಇಂದಿಗೂ ಕಿವಿಯಲ್ಲಿದೆ. ಅಕ್ಕ ಮಾತ್ರ ಈಗಲೂ ಫೋನಿನಲ್ಲಿ ಛೇಡಿಸುತ್ತಾಳೆ: "ಬಿಡೋ, ನೀನೆಲ್ಲಿ ಹೇಳ್ದೆ? ಮೊಣಕೈಗೆಲ್ಲ ಸುಣ್ಣ ಮೆತ್ಕೊಂಡು ಸಿಕ್ಕಿಬಿದ್ದೆ!" ಸ್ಪಷ್ಟವಾಗಿ ನೆನಪಿದೆ ಎಂದ ಮಾತ್ರಕ್ಕೆ ಅದು ನಡೆದಿರಬೇಕಿಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ವಾದಿಸಲು ಹೋಗುವುದಿಲ್ಲ. ಅಪ್ಪ ಬೈಯದೆ, ಬಕೆಟ್ಟಿಗೆ ಇನ್ನಷ್ಟು ಕೆಮ್ಮಣ್ಣು ಸೇರಿಸಿ ಕಲಕಿ, ನನ್ನ ಕೈಗೂ ಒಂದು ಕುಂಚ ಕೊಟ್ಟ.

ಅಮ್ಮ ರಿಕ್ಷಾದಿಂದ ಇಳಿದು ಒಳಗೆ ಬಂದಾಗ ಗೋಡೆ ಇನ್ನೂ ಒದ್ದೆ. ಕೋಣೆಯೇ ಕತ್ತಲಾದಂತಿತ್ತು.

"ಇಷ್ಟು ಕಪ್ಪಾ ರೀ?" ಅವಳ ಮುಖ ಬಾಡಿತು.

"ಸ್ವಲ್ಪ ತಾಳೆ, ಒಣಗ್ಲಿ."

ಚಾಪೆ ಹಾಸಿ ಗೋಡೆಗೆದುರಾಗಿ ಕೂತೆವು. ಕಿಟಕಿಯಿಂದ ಕೆರೆಯ ಗಾಳಿ ಬೀಸುತ್ತಿತ್ತು. ಮೊದಲು ಬಾಗಿಲ ಪಕ್ಕದ ಮೂಲೆ ತಿಳಿಯಾಯಿತು. ಅಲ್ಲಿಂದ ಒಂದು ಬೆಚ್ಚನೆಯ ಕೆಂಪು ಗೋಡೆಯುದ್ದಕ್ಕೂ ಮೆಲ್ಲಗೆ ಹರಡಿಕೊಂಡಿತು, ಯಾರೋ ಒಳಗಿನಿಂದ ಒಲೆ ಹಚ್ಚಿದ ಹಾಗೆ. ಅಮ್ಮನ ಕೆನ್ನೆಗೂ ಆ ಬಣ್ಣ ಬಂತು. "ಇದೇ, ಇದೇ" ಎಂದು ಪಿಸುಗುಟ್ಟಿ, ಅಪ್ಪನ ಹೆಗಲಿಗೆ ಒರಗಿ ಅಲ್ಲೇ ನಿದ್ದೆಹೋದಳು.

ಮಕ್ಕಳೇ, ಮೊನ್ನೆ ನೀವು ನಿಮ್ಮ ಕಮ್ಮನಹಳ್ಳಿಯ ಮನೆಗೋಡೆಯ ಫೋಟೋಗೆ ಫೋನಿನಲ್ಲೇ ಟೆರಾಕೋಟ, ಅಂದರೆ ಅದೇ ಮಡಕೆಯ ಬಣ್ಣ ಬಳಿದು, ಹಿಡಿಸದೆ ಅಳಿಸಿ, ಇನ್ನೊಂದು ಬಳಿದಿರಿ. ಅಂಗಡಿಯ ಯಂತ್ರ ಕಲಸಿಕೊಟ್ಟ ಡಬ್ಬಿಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನಿಮ್ಮ ಗೋಡೆ ಚೆನ್ನಾಗಿಯೇ ಇದೆ. ನಮ್ಮದು ಇದಕ್ಕಿಂತ ಕೆಂಪಗಿತ್ತು ಎನ್ನಲು ಆಸೆಯಾಗುತ್ತದೆ, ಆದರೆ ಪ್ರಮಾಣ ಮಾಡಲಾರೆ. ಅದು ಒಣಗುವುದನ್ನು ನಾಲ್ವರೂ ಕೂತು ನೋಡಿದ್ದು ಮಾತ್ರ ನಿಜ. ಅಷ್ಟನ್ನು ಅಕ್ಕನೂ ಒಪ್ಪುತ್ತಾಳೆ.