ಸ್ವರ ಎಣಿಸಿದ ಸಂಗವ್ವ

ಅರವತ್ತೊಂದನೇ ವಯಸ್ಸಿನಲ್ಲಿ ನಾನು ಪಕ್ಕದವರ ಉತ್ತರ ನೋಡಿ ಬರೆದೆ. ಶಾಲೆಯಲ್ಲಿ ಒಮ್ಮೆಯೂ ಮಾಡದ ಕೆಲಸ. ಆಗ ಧೈರ್ಯವಿರಲಿಲ್ಲ, ಅಷ್ಟೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಮ್ಮ ಹತ್ತಿರ ಹೇಳದೆ ಇನ್ನಾರ ಹತ್ತಿರ ಹೇಳಲಿ? ಹೆಂಡತಿಗೆ ಹೇಳುವ ಧೈರ್ಯ ಈಗಲೂ ಇಲ್ಲ.

ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಹಲಸೂರಿನ ಒಂದು ವಾಚನಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಕಂಪ್ಯೂಟರ್ ತರಗತಿಗೆ ಸೇರಿದೆ. ಪಾಠ ಹೇಳುವ ಸ್ಟೆಲ್ಲಾ ಮಿಸ್ ನನ್ನ ಮಗಳ ವಯಸ್ಸಿನವರು. ಮೂರನೇ ವಾರದ ಅಭ್ಯಾಸ ಇದು: ಇಂಗ್ಲಿಷಿನ ಒಂದು ಸಾಲಿನಲ್ಲಿ ಎಷ್ಟು ಸ್ವರಗಳಿವೆ ಎಂದು ಎಣಿಸುವ ಪ್ರೋಗ್ರಾಮ್ ಬರೆಯಬೇಕು. ಒಂದು ವಾರ ಮೊದಲೇ ಹೇಳಿದ್ದರು.

ಇದರಲ್ಲೇನಿದೆ ಎಂದುಕೊಂಡೆ. ನಮ್ಮ ಕನ್ನಡದ ಸ್ವರಗಳು ವ್ಯಂಜನದ ತಲೆಯ ಮೇಲೆ, ಪಕ್ಕದಲ್ಲಿ, ಎಲ್ಲೆಂದರಲ್ಲಿ ಕೂತಿರುತ್ತವೆ. ಇಂಗ್ಲಿಷಿನಲ್ಲಿ ಐದೇ ಐದು, ಬಿಡಿಬಿಡಿಯಾಗಿ ನಿಂತಿರುತ್ತವೆ. ಸೊನ್ನೆಯಿಂದ ಶುರುಮಾಡು, ಒಂದೊಂದೇ ಅಕ್ಷರ ನೋಡು, ಐದರಲ್ಲಿ ಒಂದಾಗಿದ್ದರೆ ಒಂದು ಸೇರಿಸು, ಇಲ್ಲವಾದರೆ ಮುಂದೆ ಹೋಗು. ಆ ವಾರ ಹೆಂಡತಿ ಸೀರೆ ಆರಿಸುವಷ್ಟರಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಅರ್ಧದಷ್ಟು ಬೋರ್ಡುಗಳ ಸ್ವರಗಳನ್ನು ಬೆರಳಲ್ಲೇ ಎಣಿಸಿ ಮುಗಿಸಿದ್ದೆ. ಕಂಪ್ಯೂಟರಿಗೆ ಅದನ್ನೇ ಹೇಳಿಕೊಡಲು ಹೋದರೆ ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ.

ಪಕ್ಕದ ಕಂಪ್ಯೂಟರಿನಲ್ಲಿ ಮಹಾದೇವಿ ಕೂತಿದ್ದರು. ಕಲಬುರಗಿ ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ, ಮಹದೇವಪುರದ ಟೆಕ್ ಪಾರ್ಕಿನಲ್ಲಿ ನೆಲ ಒರೆಸುವ ಕೆಲಸ. ಅದೇ ಕಟ್ಟಡದೊಳಗೆ ಡೇಟಾ ಎಂಟ್ರಿ ಕೆಲಸ ಖಾಲಿಯಿತ್ತು. ಅದಕ್ಕೆ ಈ ತರಗತಿಯ ಸರ್ಟಿಫಿಕೇಟು ಬೇಕಿತ್ತು. ನನ್ನ ಹಾಗೆ ಹೊತ್ತು ಕಳೆಯಲು ಬಂದವರಲ್ಲ. ಅವರ ಪ್ರೋಗ್ರಾಮ್ ಮೊದಲ ಸಲಕ್ಕೇ ಓಡಿತು. ಅವರು ನೀರು ಕುಡಿಯಲು ಎದ್ದಾಗ ನಾನು ಕತ್ತು ಉದ್ದ ಮಾಡಿದೆ.

ಎಣಿಕೆಯನ್ನು ಇಟ್ಟುಕೊಳ್ಳುವುದಕ್ಕೆ ಏನಾದರೊಂದು ಹೆಸರು ಕೊಡಬೇಕು. ಎಲ್ಲರೂ ಮಿಸ್ ಹೇಳಿಕೊಟ್ಟಂತೆ ‘ಕೌಂಟ್’ ಎಂದು ಬರೆದಿದ್ದರು. ಮಹಾದೇವಿ ಮಾತ್ರ ‘ಸಂಗವ್ವ’ ಎಂದು ಬರೆದಿದ್ದರು. ಸಂಗವ್ವ ಸೊನ್ನೆಗೆ ಸಮ. ಸ್ವರ ಸಿಕ್ಕರೆ ಸಂಗವ್ವನಿಗೆ ಒಂದು ಸೇರಿಸು. ನಾನು ಎಲ್ಲವನ್ನೂ ಹಾಗೇ ಇಳಿಸಿಕೊಂಡು, ಮಹಾ ಜಾಣನಂತೆ ಅವರು ಎಣಿಸಲು ಕೊಟ್ಟಿದ್ದ ಸಾಲನ್ನು ಮಾತ್ರ ಬಿಟ್ಟು ನನ್ನದೊಂದು ಸಾಲು ಹಾಕಿದೆ. ಸಂಗವ್ವನನ್ನು ಮುಟ್ಟಲು ಮಾತ್ರ ಹೆದರಿಕೆಯಾಯಿತು. ಆಕೆ ಮೂರು ಕಡೆ ಇದ್ದಳು. ಎಲ್ಲಿ ಅಲ್ಲಾಡಿಸಿದರೆ ಎಲ್ಲಿ ಕುಸಿಯುತ್ತದೋ ಯಾರಿಗೆ ಗೊತ್ತು?

ಪ್ರತಿಯೊಬ್ಬರ ಪ್ರೋಗ್ರಾಮನ್ನೂ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ತೋರಿಸುವುದು ಮಿಸ್ ಪದ್ಧತಿ. ವಯಸ್ಸಿಗೆ ಮರ್ಯಾದೆ ಕೊಟ್ಟು ನನ್ನದನ್ನೇ ಮೊದಲು ಹಾಕಿದರು.

“ಸೂಪರ್ ಸರ್. ಯಾರಿದು ಸಂಗವ್ವ?”

“ನಮ್ಮಜ್ಜಿ,” ಎಂದುಬಿಟ್ಟೆ.

ಚಪ್ಪಾಳೆ ಬಿತ್ತು. ಆಮೇಲೆ ಮಹಾದೇವಿಯವರದು ಗೋಡೆಗೆ ಬಂತು. ಅಲ್ಲೂ ಸಂಗವ್ವ.

ಮಿಸ್ ದನಿ ತಗ್ಗಿಸಿ, “ಮಹಾದೇವಿ, ಸರ್‌ದು ನೋಡ್ಕೊಂಡು ಮಾಡಿದ್ರಾ? ಹಿಂಗೆ ಮಾಡಿದ್ರೆ ಸರ್ಟಿಫಿಕೇಟ್ ಕೊಡಕ್ಕಾಗಲ್ಲ ನೋಡಿ,” ಎಂದರು.

ಮಹಾದೇವಿ ನನ್ನ ಮುಖ ನೋಡಿದರು. ನಾನು ಕೀಬೋರ್ಡ್ ನೋಡಿದೆ. ಮೂವತ್ತು ವರ್ಷ ಜನರ ಮುಂದೆ ವಿಮಾ ಅರ್ಜಿ ಹಿಡಿದು “ಇದು ನಿಮ್ಮದೇ ಸಹಿ ತಾನೆ?” ಎಂದು ಗದರಿಸಿದವನು ನಾನು.

ತರಗತಿ ಮುಗಿದು ಮೆಟ್ರೊ ಕಡೆ ನಡೆಯುವಾಗ ಅವರು ಪಕ್ಕಕ್ಕೆ ಬಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಸರ, ಸಂಗವ್ವ ಅಂದ್ರ ನಮ್ಮವ್ವರಿ. ನೂರು ಮಂದಿಗಿ ರೊಟ್ಟಿ ಬಡದ್ರೂ ಆಕಿ ಎಣಿಕಿ ತಪ್ಪಂಗಿಲ್ಲ. ಅದಕ್ಕ ಆ ಹೆಸರು ಇಟ್ಟಿದ್ದೆ.” ಮೆಟ್ರೊ ಮೆಟ್ಟಿಲು ಹತ್ತುತ್ತ, “ಆಕಿಗಿ ಇನ್ನಾ ಐವತ್ತೈದು. ನಿಮಗ ಅಜ್ಜಿ ಹ್ಯಾಂಗ ಆದ್ಲೋ ತಿಳೀಲಿಲ್ಲರಿ,” ಎಂದರು.

ಆ ವಾರವಿಡೀ ಅನ್ನ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೇರಿತು, ಅದಕ್ಕೂ ನಾಚಿಕೆಯಾಯಿತು. ಮುಂದಿನ ಭಾನುವಾರ ಎಲ್ಲರೆದುರು ಎದ್ದು ನಿಂತೆ. “ಮಿಸ್, ನೋಡಿ ಬರೆದಿದ್ದು ನಾನು. ಸಂಗವ್ವ ಮಹಾದೇವಿಯವರ ತಾಯಿ.”

ಮಿಸ್ ನಕ್ಕರು. “ಅಯ್ಯೋ ಬಿಡಿ ಸರ್, ಈ ಏಜಲ್ಲಿ ಕಲಿಯೋಕೆ ಬರ್ತೀರಲ್ಲ, ಅದೇ ದೊಡ್ಡದು.”

ಮಹಾದೇವಿ ಮಾಡದ ತಪ್ಪಿಗೆ ಸರ್ಟಿಫಿಕೇಟು ಇಲ್ಲ ಎಂಬ ಬೆದರಿಕೆ, ನಾನು ಮಾಡಿದ ತಪ್ಪಿಗೆ ಶಹಬ್ಬಾಸ್. ಕದ್ದಾಗ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ. ನಾನು ಕೂರಲಿಲ್ಲ. “ಅವರಿಗೆ ಹೇಳಿದ್ದನ್ನೇ ನನಗೂ ಹೇಳಿ ಮಿಸ್,” ಎಂದೆ. ಮಿಸ್ ಮುಖದ ನಗು ಹೋಯಿತು. ಮಹಾದೇವಿಯ ಕಡೆ ತಿರುಗಿ ಕ್ಷಮೆ ಕೇಳಿದರು. ಆಮೇಲೆ ನನಗೆ ಹೇಳಬೇಕಾದ್ದನ್ನೂ ಹೇಳಿದರು.

ಸಂಗವ್ವನನ್ನು ಅಳಿಸಿ ಮೊದಲಿನಿಂದ ಬರೆಯಲು ಕೂತೆ. ಮಹಾದೇವಿ ಇತ್ತ ಬಾಗಿ, “ನಿಮ್ಮವ್ವನ ಹೆಸರೇನ್ರಿ ಸರ?” ಎಂದರು.

“ಸೀತಮ್ಮ.”

“ಹಾಕ್ರಿ ಮತ್ತ.”

ಸೀತಮ್ಮ ಎಂದು ಬರೆದು ಎದುರಿಗೆ ಸೊನ್ನೆ ಇಟ್ಟೆ. ಉಳಿದದ್ದನ್ನೆಲ್ಲ ಯಾರ ಕಡೆಗೂ ನೋಡದೆ ಬರೆದು ಓಡಿಸಿದೆ. ಪರದೆಯ ತುಂಬ ಕೆಂಪು ಅಕ್ಷರ. ಅಷ್ಟೂ ನನ್ನದೇ ತಪ್ಪುಗಳು. ಬಲು ನೆಮ್ಮದಿಯಿಂದ ಮೇಲಿನಿಂದ ಓದತೊಡಗಿದೆ.