ಗಾಲಿ ತಿರುಗದ ಏರು

ನಾನು ನಿಂತದ್ದು ಲಾರಿಯ ಹಿಂದೆ, ಬಲಗಡೆಯ ಜೋಡಿ ಗಾಲಿಗಳಿಂದ ಎರಡು ಮೊಳ ದೂರದಲ್ಲಿ. ಎರಡನೆಯ ಮಹಾಯುದ್ಧ ಮುಗಿಯುವ ಹಿಂದಿನ ವರ್ಷ, ಯುಗಾದಿಗೆ ಇನ್ನೂ ಆರು ದಿನ ಇತ್ತು. ತಳಕಲ್ ಮುಟ್ಟುವ ಮುಂಚೆ ಒಂದು ಹಳ್ಳ, ಅದನ್ನು ದಾಟಿದರೆ ಗರಸು ಮಣ್ಣಿನ ಗಟ್ಟಿ ಏರು. ಬೆಳಗಿನ ಒಂಬತ್ತು ದಾಟಿತ್ತು, ಹತ್ತು ಆಗಿರಲಿಲ್ಲ. ಅಲ್ಲಿಂದ ನನಗೆ ಡ್ರೈವರ್ ಕಾಕಾ ಅವರ ಮುಖ ಕಾಣುತ್ತಿರಲಿಲ್ಲ. ಕಿಟಕಿಯ ಹೊರಗೆ ಇಟ್ಟ ಬಲಗೈ ಮಾತ್ರ ಕಾಣುತ್ತಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಕೂದಲೂ ಇಲ್ಲದ, ಬೆಂಕಿ ತಾಗಿ ತಾಗಿ ಬದನೆಕಾಯಿಯ ಸಿಪ್ಪೆಯಂತೆ ಮಿನುಗುವ ಕೈ.

ಯಲಬುರ್ಗಾದ ಒಬ್ಬ ಜೋಳದ ವ್ಯಾಪಾರಿಯ ಅಂಗಡಿಯಲ್ಲಿ ಅವರು ಡ್ರೈವರ್, ನಾನು ಲೆಕ್ಕ ಬರೆಯುವ ಮುನ್ಶಿ. ಕಾಕಾ ಲಾರಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಬಂಡಿ ಹೊಡೆದವರು. ಬೆಳಗ್ಗೆ ಎದ್ದವರೇ ಎತ್ತಿನ ಬೆನ್ನು ತಟ್ಟುವ ಹಾಗೆ ಒಂದೊಂದು ಗಾಲಿಯನ್ನೂ ಅಂಗೈಯಿಂದ ತಟ್ಟುತ್ತಿದ್ದರು. ಹೇರು ತುಂಬಿದ ಲಾರಿಯ ಹಿಂದೆ ಮಾತ್ರ ಎಂದೂ ಹಾಯುತ್ತಿರಲಿಲ್ಲ. ಎಷ್ಟೇ ಅವಸರವಿದ್ದರೂ ಮುಂದಿನಿಂದ ಸುತ್ತು ಹಾಕಿ ಹೋಗುತ್ತಿದ್ದರು.

ಆ ಲಾರಿ ಹುಟ್ಟಿದಾಗ ಇದ್ದಂತೆ ಉಳಿದಿರಲಿಲ್ಲ. ಅಂಗಡಿಯ ಸಾವಕಾರರು ಕೊಪ್ಪಳದಲ್ಲಿ ಅದರ ಮೈ ಉದ್ದ ಮಾಡಿಸಿದ್ದರು. ಸ್ಪ್ರಿಂಗಿಗೆ ಹೆಚ್ಚು ಪಟ್ಟಿ ಹಾಕಿಸಿ, ಹಿಂದಿನ ಒಂಟಿ ಗಾಲಿಗಳನ್ನು ಜೋಡಿ ಮಾಡಿಸಿದ್ದರು. ಪೆಟ್ರೋಲ್ ಸಿಗದಂತಾದ ಮೇಲೆ ಕೂಡುವ ಜಾಗದ ಹಿಂದೆ ಆಳೆತ್ತರದ ಕಬ್ಬಿಣದ ಪೀಪಾಯಿ ಬಂತು. ಅದರಲ್ಲಿ ಇದ್ದಲಿ ಸುಟ್ಟು, ಅದರ ಹೊಗೆಯಿಂದ ಎಂಜಿನ್ ನಡೆಯಬೇಕು. ಮೈ ಬೆಳೆದಿತ್ತು, ಕಸುವು ಇಳಿದಿತ್ತು. ಪೀಪಾಯಿಯ ಮುಚ್ಚಳ ತೆಗೆದು ಬೆಂಕಿ ಕೆದಕುವುದು ಕಾಕಾ ಅವರ ಕೆಲಸ. ಹಿಡಿಕೆ ತಿರುಗಿಸಿ ಗಾಳಿ ಹಾಕುವುದು ನನ್ನದು.

ಒಮ್ಮೆ ಕುಷ್ಟಗಿಯ ಕೆರೆಯ ಬದಿಯಲ್ಲಿ ಬೇರೆ ಯಾರದೋ ಖಾಲಿ ಲಾರಿ ಕೆಸರಿನಲ್ಲಿ ಗಾಲಿಯನ್ನು ಗರಗರ ತಿರುಗಿಸಿ, ಕೆಸರು ಹಾರಿಸಿ ಹೊರಗೆ ಬಂತು. ಮಂದಿ ಕೇಕೆ ಹಾಕಿದರು. ಒಬ್ಬ ನಮ್ಮ ಕಡೆ ತಿರುಗಿ, "ನಿಮ್ಮದು ಗಬ್ಬದ ಎಮ್ಮಿ ಆಗೇತಿ ನೋಡ್ರಿ ಕಾಕಾ. ಒಂದ್ ಗಾಲೀನೂ ಕುಣಿಯಾಕ ಒಲ್ಲದು," ಎಂದ.

"ಗಬ್ಬದ್ದು ಕುಣಿದ್ರ ನಿನಗ ಹಾಲು ಸಿಗೂದಿಲ್ಲೋ ತಮ್ಮಾ," ಎಂದರು ಕಾಕಾ.

ಆಮೇಲೆ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ನನ್ನ ಅಂಗೈಯನ್ನು ಕಲ್ಲಿನ ಮೇಲೆ ಇಡಿಸಿದರು. "ಈಗ ಜಾರಸ್ರಿ." ಕೈ ಸುಲಭವಾಗಿ ಜಾರಿತು. ನನ್ನ ಕೈಯ ಮೇಲೆ ತಮ್ಮ ಎರಡೂ ಕೈ ಊರಿ ಮೈಭಾರ ಹಾಕಿದರು. "ಈಗ ಜಾರಸ್ರಿ ಮುನ್ಶೀರ, ನೋಡೂಣು." ಜಾರಲಿಲ್ಲ. ಭುಜ ನೋಯಿತು.

"ನೆಲ ನಿಮ್ಮ ಕೈ ಬಿಡಲಿಲ್ಲ, ತೋಳ ಸೋತ್ತು. ನಮ್ಮ ಲಾರೀದೂ ಅಷ್ಟ. ಹೇರು ಒತ್ತತೈತಿ, ಜೋಡಿ ಗಾಲಿ ನೆಲ ಕಚ್ಚತಾವು. ಅವನ್ನ ಜಾರಸಾಕರ ಎಂಜಿನ್ನಿಗೆ ಕಸುವು ಬೇಕಲ್ಲ? ಗಾಲಿ ಗರಗರ ತಿರಗಿದ್ರ ಹೆದರಬ್ಯಾಡ್ರಿ, ಉಸಿರ ಐತಿ ಅಂತ ತಿಳೀರಿ. ಏರಿನಾಗ ಸುಮ್ಮಕ ನಿಂತ್ತಂದ್ರ ಹೆದರ್ರಿ. ಅದು ಹಿಂದಕ ಬರತೈತಿ."

ಇದು ನನಗೆ ಗೊತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಆ ದಿನ ತಳಕಲ್ ಸ್ಟೇಷನ್ನಿನಲ್ಲಿ ವ್ಯಾಗನ್ ನಿಂತಿತ್ತು. ಎಲ್ಲ ಚೀಲವೂ ಒಂದೇ ಖೇಪಿಗೆ ಹೋಗಬೇಕೆಂದು ಸಾವಕಾರರು ಹೇರಿಸಿದರು.

"ಸಾವಕಾರ್ರ, ಹಳ್ಳದ ಏರಿಗೆ ಇದರ ಉಸಿರ ಸಾಲೂದಿಲ್ರಿ," ಎಂದರು ಕಾಕಾ.

"ಉಸಿರ ನನಗ ಬಿಡು. ನೀ ಲಾರಿ ಹೊಡಿ."

ಏರಿನ ನಡುವೆ ಎಂಜಿನ್ ನಿಂತಿತು. ಕಾಕಾ ಬ್ರೇಕು ಒತ್ತಿ ಹಿಡಿದರು. ನಾನು ಇಳಿದು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆ, ಗಾಳಿ ಹಾಕಿದೆ. ಎಂಜಿನ್ ಮತ್ತೆ ಹತ್ತಿತು. ಕಾಕಾ ಕೂಗಿ ಹೇಳಿದರು: "ಒಮ್ಮೆ ನೋಡತೀನಿ. ಏರದಿದ್ರ ಚೀಲ ಇಳಸೂಣು. ಹಿಂದ ಯಾರನ್ನೂ ಬಿಡಬ್ಯಾಡ್ರಿ!"

ಅಷ್ಟರಲ್ಲಿ ಹೊಲಕ್ಕೆ ಹೊರಟಿದ್ದ ನಾಲ್ವರು ಬಂದರು. ಅವರ ಹಿಂದೆ, ಹಳ್ಳದ ನೀರಿನ ಹತ್ತಿರ, ಬುತ್ತಿ ಹೊತ್ತ ಒಬ್ಬ ಹೆಣ್ಣುಮಗಳು ನಿಂತಿದ್ದಳು.

"ಏನ್ರಿ ಮುನ್ಶೀರ, ಎಮ್ಮಿ ಮಲಗೇತೇನು?" ಎಂದು ಒಬ್ಬ ನಕ್ಕ. ಬಗ್ಗಿ ಗಾಲಿ ನೋಡಿದ. "ಗಾಲಿ ಜಾರಿಲ್ಲ, ನೆಲ ಗಟ್ಟಿ ಐತಿ. ಒಂದೀಟ ಹೆಗಲ ಕೊಟ್ರ ಏರತೈತಿ."

ನಮ್ಮ ಕಡೆ ಏರಿನಲ್ಲಿ ನಿಂತ ಬಂಡಿಗೆ ಹೆಗಲು ಕೊಡದೆ ಯಾರೂ ಮುಂದೆ ಹೋಗುವುದಿಲ್ಲ. ಕರೆಯುವ ತನಕವೂ ಕಾಯುವುದಿಲ್ಲ. ಆ ನಾಲ್ವರು ಮಾತ್ರ ನನ್ನ ಮುಖ ನೋಡಿ ನಿಂತರು, ಏಕೆಂದರೆ ಇದು ಬಂಡಿಯಲ್ಲ, ಲಾರಿ. ನಾನು "ಬರ್ರಿ" ಎಂದೆ. ನಾನೂ ಲಾರಿಯ ಹಿಂದಿನ ಹಲಗೆಗೆ ಹೆಗಲು ಕೊಟ್ಟೆ. ಎಡಕ್ಕೆ ದಾರಿ ಮುಗಿದು ಎರಡಾಳು ಆಳದ ತಗ್ಗು ಇತ್ತು. ಹೀಗಾಗಿ ಐವರೂ ಬಲಗಡೆಗೇ ಒತ್ತಾಗಿ ನಿಂತಿದ್ದೆವು.

ಲಾರಿ ಒಂದು ಮಾರು ಮೇಲೆ ಹೋಯಿತು. ನಾನು ಕೊಟ್ಟ ಕಲ್ಲುಗಳು ನಮ್ಮ ಕಾಲ ಹಿಂದೆ ಉಳಿದವು. ಗಾಲಿಗಳು ಒಂದು ಸುತ್ತೂ ಜಾರಲಿಲ್ಲ. ಎಂಜಿನ್ನಿನ ಸದ್ದು ದಪ್ಪವಾಯಿತು, ಕೆಮ್ಮಿತು, ನಿಂತಿತು. ಕೆಳಗೆ ಎಲ್ಲೋ ಕಬ್ಬಿಣ ಮುರಿದ ಸದ್ದು ಕೇಳಿದೆ. ಬ್ರೇಕಿನ ಸರಳು ಅದು ಎಂದು ಆಮೇಲೆ ಗೊತ್ತಾಯಿತು.

"ಬಾಜೂಕ ಸರೀರಿ!" ಎಂದು ಕಾಕಾ ಕೂಗಿದರು. ಸರಿಯುವುದು ಹೇಗೆ? ಹೆಗಲ ಮೇಲೆ ಲಾರಿ ಬರುತ್ತಿತ್ತು. ಬಲಕ್ಕೆ ಮಣ್ಣಿನ ಗೋಡೆ.

ಕಾಕಾ ಕೂತಿದ್ದು ಬಲಗಡೆ. ಬಾಗಿಲು ತೆಗೆದು ಜಿಗಿಯಲು ಅವರಿಗೆ ಹೊತ್ತು ಇತ್ತು. ಕಿಟಕಿಯ ಮೇಲಿದ್ದ ಕೈ ಒಳಗೆ ಹೋಯಿತು. ಲಾರಿಯ ಹಿಂಭಾಗ ನಮ್ಮ ಹೆಗಲಿನಿಂದ ಎಡಕ್ಕೆ ಕಿತ್ತುಕೊಂಡು ಹೋಯಿತು. ಮೈ ಉಜ್ಜುತ್ತ ನಮ್ಮನ್ನು ದಾಟಿತು. ಮುಂದಿನ ಗಾಲಿ ಒಬ್ಬನ ಪಾದದ ಮೇಲೆ ಹಾಯಿತು. ಆಮೇಲೆ ಲಾರಿ ತಗ್ಗಿಗೆ ಬಿತ್ತು.

ಕೈಯಿಂದಲೇ ಚೀಲ ಎಳೆದು ಹಾಕಿದೆವು. ಪೀಪಾಯಿ ಒಡೆದು ಜೋಳಕ್ಕೆ ಕೆಂಡ ತಾಗಿತ್ತು. ಹುರಿದ ಜೋಳದ ವಾಸನೆ ಬರುತ್ತಿತ್ತು. ಕಾಕಾ ಅವರ ಎದೆಯವರೆಗೆ ಮಾತ್ರ ನಮಗೆ ಬಿಡಿಸಲು ಸಾಧ್ಯವಾಯಿತು.

"ಹಿಂದ ಎಷ್ಟ ಮಂದಿ ಇದ್ರಿ?" ಎಂದು ಕೇಳಿದರು.

"ಐದು ಮಂದಿ ಕಾಕಾ."

"ಐದೂ ಅದೀರೇನು?"

"ಅದೀವ್ರಿ."

ಅಷ್ಟು ಕೇಳಿಸಿಕೊಂಡು ಅಲ್ಲೇ ಜೀವ ಬಿಟ್ಟರು.

ಮಧ್ಯಾಹ್ನ ಊರ ಗೌಡರು ಬೇವಿನ ನೆರಳಿನಲ್ಲಿ ಪಂಚನಾಮೆ ಬರೆಸಿದರು. ಸಾವಕಾರರು ಏರಿನ ಮೇಲಿನ ಗುರುತು ತೋರಿಸಿ, "ನೋಡ್ರಿ, ಗಾಲಿ ಎಲ್ಲೂ ಜಾರಿಲ್ಲ. ನೆಲದ ತಪ್ಪಿಲ್ಲ, ಲಾರೀ ತಪ್ಪಿಲ್ಲ. ಡ್ರೈವರಗ ನಿದ್ದಿ ಹತ್ತೇತಿ," ಎಂದರು. ಹಾಗೆಯೇ ಬರೆದರು. ಮೊದಲ ಸಹಿ ನನ್ನದು. ಹೆಗಲು ಕೊಟ್ಟವರನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರನೆಯ ದಿನ ಕಾಕಾ ಅವರ ಹೆಂಡತಿ ಬಾಗಿಲಿನಲ್ಲಿ ನಿಂತು ಕೇಳಿದರು: "ಮುನ್ಶೀರ, ಖರೇನ ಅವರಿಗೆ ನಿದ್ದಿ ಹತ್ತಿತ್ತೇನ್ರಿ?"

"ನಾ ಹಿಂದ ಇದ್ದೆ, ಕಾಣಲಿಲ್ಲವ್ವಾ," ಎಂದೆ. ಆ ತಾಯಿ ತೀರಿಕೊಳ್ಳುವ ತನಕ ನಾನು ಆ ಮಾತನ್ನು ತಿದ್ದಲಿಲ್ಲ.

ಕಾಕಾ ಎಚ್ಚರವಿದ್ದರು. ಹೇರು ಹೆಚ್ಚಾಗಿತ್ತು. ಮಂದಿಯನ್ನು ಹಿಂದೆ ನಿಲ್ಲಿಸಿದವನು ನಾನು. ಅವರು ಜಿಗಿಯದೆ ಲಾರಿಯನ್ನು ತಗ್ಗಿಗೆ ತಿರುಗಿಸಿದ್ದರಿಂದ ಐವರು ಬದುಕಿದೆವು.

ನೋಡಿದವರಲ್ಲಿ ನನ್ನನ್ನು ಬಿಟ್ಟು ಈಗ ಇಬ್ಬರು ಇದ್ದಾರೆ. ಪಾದ ಜಜ್ಜಿಹೋದವನು ತಳಕಲ್ಲಿನಲ್ಲೇ ಇದ್ದಾನೆ, ಕೋಲು ಹಿಡಿದು ನಡೆಯುತ್ತಾನೆ. ಬುತ್ತಿ ಹೊತ್ತು ನಿಂತಿದ್ದ ಹೆಣ್ಣುಮಗಳು ಈಗ ನವಲಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಇಬ್ಬರಿಗೂ ಓದು ಬರದು, ಆದ್ದರಿಂದ ಇದನ್ನು ನಾನೇ ಹೋಗಿ ಓದಿ ಹೇಳಿದೆ. ಅವನು ತಲೆಯಾಡಿಸಿದ. ಅವಳು ಒಂದು ಕಡೆ ತಡೆದಳು.

"ನೀವು 'ಬರ್ರಿ' ಅಂದದ್ದು ಒಂದ ಸಲ ಅಲ್ರೀ ಯಪ್ಪಾ. ಮೊದಲನೇ ಸಲ ಅವರು ಬರಲಿಲ್ಲ. ಎರಡ ಸಲ ಕರದ್ರಿ."