ಮುಟ್ಟಿದ ರಿಂಗು

ನಮ್ಮ ಮನೆಯಲ್ಲಿ ಫೋನು ಎರಡು ಸಲ ಬಡಿದು ನಿಂತರೆ ಯಾರೂ ಏಳುವುದಿಲ್ಲ. ಅದು ಎತ್ತುವ ಫೋನಲ್ಲ, ಮುಟ್ಟಿದ ರಿಂಗು. ಮನೆಯಿಂದ ಹೋದವರು ಹೋದ ಕಡೆ ಕ್ಷೇಮವಾಗಿ ಮುಟ್ಟಿದರು ಎಂದು ಅದರ ಅರ್ಥ. ಮಾವನವರು ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಕಾಲಕ್ಕೆ ಕಾಯಿನ್ ಬೂತಿನಿಂದ ಶುರುವಾದ ರೂಢಿ. ಈ ಕಡೆ ಎತ್ತದಿದ್ದರೆ ಆ ಕಡೆ ನಾಣ್ಯ ವಾಪಸ್ ಬೀಳುತ್ತಿತ್ತು. ನಾನು ಮದುವೆಯಾಗಿ ವಾಸ್ಕೋ ಬಂದರಿನ ಮೇಲಿನ ಗುಡ್ಡದ ಸಡಾಕ್ಕೆ ಬಂದ ಹೊಸದರಲ್ಲಿ ಫೋನು ಬಡಿಯಿತೆಂದು ಓಡಿದ್ದೆ. ಅತ್ತೆ ಒಲೆಯ ಮುಂದಿನಿಂದಲೇ, "ಎತ್ತಬ್ಯಾಡ ತಂಗಿ, ಅದು ಮುಟ್ಟಿದ್ದು," ಎಂದರು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವಳಿಗೆ ಇದು ಶುದ್ಧ ಜುಗ್ಗತನವಾಗಿ ಕಂಡಿತ್ತು. ಆಮೇಲೆ ನನ್ನ ಕಾಲುಗಳೂ ಆ ಎರಡು ರಿಂಗಿಗೆ ಏಳುವುದನ್ನು ಬಿಟ್ಟವು.

ಆಗ ಮನೆ ತುಂಬ ಮುಟ್ಟಿದ ರಿಂಗುಗಳೇ. ಮಾವ ಬಂದರಿನಿಂದ, ನನ್ನ ಗಂಡ ವೆರ್ಣಾದ ಫ್ಯಾಕ್ಟರಿಯಿಂದ, ಮೈದುನ ಮೀನಿನ ಟ್ರಾಲರ್ ದಂಡೆಗೆ ಬಂದಾಗ. ಯಾವುದು ಯಾರದೆಂದು ಲೆಕ್ಕ ಇಡುವ ಕೆಲಸ ಯಾರಿಗಿತ್ತು? ಮಾವ ತೀರಿಕೊಂಡರು. ಗಂಡನ ಕೈಗೆ ಮೊಬೈಲು ಬಂತು. ಮೈದುನ ಕುಡಿಯುವುದನ್ನು ಕಲಿತ. ಒಂದು ಸಂಜೆ ಅವನು ತೂರಾಡುತ್ತ ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಕುಡುದು ಈ ಹೊಸ್ತಿಲಾ ತುಳೀಬ್ಯಾಡ," ಎಂದರು. ಅವನು ತುಳಿಯಲಿಲ್ಲ. ರತ್ನಾಗಿರಿ ಕಡೆ ಟ್ರಾಲರ್ ಮೇಲೆ ಕೆಲಸಕ್ಕೆ ಹೋದನೆಂದು ಅವನ ಗೆಳೆಯರು ಹೇಳಿದರು. ನನ್ನ ಗಂಡ ಅಲ್ಲಿಯವರೆಗೂ ಹೋಗಿ ಹುಡುಕಿ ಬಂದರು, ಪೊಲೀಸರಿಗೂ ಬರೆದುಕೊಟ್ಟರು. ಅವನನ್ನು ಅಲ್ಲಿ ಕಂಡವರು ಒಬ್ಬರೂ ಸಿಗಲಿಲ್ಲ.

ಮನೆ ಹಾಗೆ ಖಾಲಿಯಾದ ಮೇಲೇ ನಮಗೆ ಆ ರಿಂಗು ಕೇಳಿಸತೊಡಗಿದ್ದು. ದೀಪ ಹಚ್ಚುವ ಹೊತ್ತಿಗೆ, ಕೆಳಗೆ ಸಮುದ್ರ ಕಪ್ಪಾಗಿ ಬಂದರಿನ ದೀಪಗಳು ಹತ್ತುವಾಗ, ಎರಡು ಸಲ ಬಡಿದು ನಿಲ್ಲುತ್ತಿತ್ತು. ಕೆಲವು ವಾರ ಬರುತ್ತಿತ್ತು, ಕೆಲವು ವಾರ ಇಲ್ಲ. ಮೊದಲ ಸಲ ಅತ್ತೆ ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಅವನ," ಎಂದರು. "ಮುಟ್ಟೇನಿ ಅನ್ನಾಕತ್ತಾನ."

"ಎತ್ತೂಣ್ರಿ ಮತ್ತ," ಎಂದು ನಾನು ಎದ್ದರೆ ಸೆರಗು ಹಿಡಿದು ಕೂರಿಸಿದರು. "ಎತ್ತಿದ್ರ ಬಿಟ್ಟಾನ. ಸಿಟ್ಟಿನ ಕೂಸು ಅದು. ಇಷ್ಟರ ಮಾಡಲಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಗಂಡನ ಮುಂದೆ ನೇರವಾಗಿಯೇ ಹೇಳಿದ್ದೆ, ನಿಮ್ಮ ತಮ್ಮ ಸತ್ತಿದ್ದಾನೆ, ಇದು ಯಾವುದೋ ರಾಂಗ್ ನಂಬರು, ನಿಮ್ಮ ತಾಯಿಗೆ ಹೇಳಿ ಒಂದು ಸಲ ಅತ್ತು ಮುಗಿಸಲಿ ಎಂದು. ಅವರು ಕಂಪನಿ ಬಸ್ಸಿಗೆ ಹೊರಟರು. ಆದರೆ ಒಂದು ಮಾತು. ಆ ಎರಡು ರಿಂಗಿನ ನಂತರದ ಮೌನದಲ್ಲಿ ನಾನೂ ಹೊಲಿಗೆ ಯಂತ್ರದ ಮೇಲಿನ ಕಾಲು ತೆಗೆಯುತ್ತಿದ್ದೆ. ಮೂರನೆಯದು ಬಂದರೆ ಏನು ಮಾಡುವುದು ಎಂದು ಕಾಯುತ್ತಿದ್ದೆ. ಒಮ್ಮೆಯೂ ಬರಲಿಲ್ಲ.

ಹೀಗಿರುವಾಗ ಹಳೆಯ ತಾಮ್ರದ ತಂತಿ ತೆಗೆದುಹಾಕುತ್ತೇವೆ, ಬೇಕಾದವರು ಫೈಬರ್ ಹಾಕಿಸಿಕೊಳ್ಳಿ ಎಂದು ಫೋನಿನವರು ತಿಳಿಸಿದರು. ನನಗೆ ಹಬ್ಬವೇ ಆಯಿತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ; ಗಿರಾಕಿಗಳು ಡಿಸೈನಿನ ಫೋಟೋ ಕಳಿಸಿದರೆ ಈ ಗುಡ್ಡದ ಮಗ್ಗುಲಲ್ಲಿ ಮೊಬೈಲಿಗೆ ಬಂದು ಮುಟ್ಟುವ ಹೊತ್ತಿಗೆ ಮದುವೆಯೇ ಮುಗಿದಿರುತ್ತಿತ್ತು. ಅತ್ತೆ ಮಾತ್ರ ಬಾಯಿಗೆ ನೀರು ಹಾಕಲಿಲ್ಲ. ಅವನಿಗೆ ಗೊತ್ತಿರುವುದು ಈ ನಂಬರೊಂದೇ. ಅದು ಹೋದರೆ ಅವನು ಎಲ್ಲಿಗೆ ಬಡಿಯಬೇಕು? ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ದಿನವಿಡೀ ಅದನ್ನೇ ಕೇಳಿದರು.

ಬಂದ ಲೈನ್‌ಮನ್ ವಾಸ್ಕೋದವನು, ಕೊಂಕಣಿ ಹಿಂದಿ ಕಲಸಿ ಮಾತಾಡುತ್ತಿದ್ದ. "ನಂಬರ್ ವಹೀ ರಹೇಗಾ, ಮಾವಶಿ," ಎಂದ; ನಂಬರು ಅದೇ ಇರುತ್ತದೆ ಎಂದು ಅತ್ತೆಗೆ ಸಾರಿ ಸಾರಿ ಹೇಳಿದ. ಗೋಡೆಗೆ ಬಿಳಿಯ ಡಬ್ಬಿ ಬಡಿದ. ಅದರ ದೀಪಗಳು ಒಂದೊಂದಾಗಿ ಹತ್ತಿ ಮಿನುಗತೊಡಗಿದವು. ಹೊಸ ಫೋನಿಗೆ ಪುಟ್ಟ ಕಿಟಕಿಯಿತ್ತು, ಕರೆದವರ ನಂಬರು ಅದರಲ್ಲಿ ಮೂಡುತ್ತದೆ. ಇನ್ನು ಮಾತು ಇಂಟರ್ನೆಟ್ಟಿನಲ್ಲೇ ಬರುವುದು, ಕರೆಂಟು ಹೋದರೆ ಫೋನೂ ಹೋದ ಹಾಗೆ ಎಂದು ಅವನು ಹೇಳಿದಾಗ ಅತ್ತೆಯ ಮುಖ ಬಿಳಿಚಿತು. ಮಳೆಗಾಲದಲ್ಲಿ ಸಡಾದ ಕರೆಂಟು ಹೇಳಿ ಕೇಳಿ ಹೋಗುವಂಥದ್ದಲ್ಲ. ಡಬ್ಬಿಗೊಂದು ಬ್ಯಾಟರಿ ತರುವವರೆಗೆ ಅವರು ನನಗೆ ಊಟಕ್ಕೂ ಬಿಡಲಿಲ್ಲ.

ಹಳೆಯ ಫೋನಿನಲ್ಲಿ ಯಾವಾಗಲೂ ಗುಂಯ್ ಎನ್ನುವ ಸದ್ದಿರುತ್ತಿತ್ತು. ಅತ್ತೆ ದಿನಾ ಬೆಳಿಗ್ಗೆ ಕಸ ಹೊಡೆಯುವಾಗ ರಿಸೀವರ್ ಎತ್ತಿ, ಕೇಳಿ, "ಜೀವ ಐತಿ," ಎಂದು ಇಡುತ್ತಿದ್ದರು. ಹೊಸದರಲ್ಲೂ ಮೊದಲು ಸದ್ದು ಬರುತ್ತದೆ, ಆದರೆ ಮಾತಿನ ನಡುವೆ ಯಾರಾದರೂ ಸುಮ್ಮನಾದರೆ ಒಳಗೆ ಏನೂ ಇರುವುದಿಲ್ಲ. ಉಸಿರಿಲ್ಲ, ಗಾಳಿಯಿಲ್ಲ. ಪಾಳು ಬಾವಿಗೆ ಕಿವಿಗೊಟ್ಟಂತಾಗುತ್ತದೆ. ನಾನೇ ತವರಿಗೆ ಮಾತಾಡುವಾಗ ಹೆದರಿ ನಾಲ್ಕಾರು ಸಲ "ಅದೀರೇನ್ರಿ?" ಎಂದು ಕೇಳಿದ್ದೇನೆ.

ಹೊಸ ಫೋನು ಬಂದ ಮೇಲೆ ಆ ರಿಂಗು ಬರಲಿಲ್ಲ. ಒಂದು ವಾರ ಹೋಯಿತು, ಮತ್ತೊಂದು ಹೋಯಿತು. ಅತ್ತೆ ದೇವರ ದೀಪ ಹಚ್ಚಿ ಬಿಳಿ ಡಬ್ಬಿಯ ಎದುರೇ ಕೂರುತ್ತಿದ್ದರು. ಮನೆಯ ಲೈಟು ಹಾಕುವ ಮೊದಲಿನ ಕತ್ತಲಲ್ಲಿ ಅವರ ಮುಖದ ಮೇಲೆ ಡಬ್ಬಿಯ ಹಸಿರು ಬೆಳಕು ಬಂದು ಹೋಗಿ ಮಾಡುತ್ತಿತ್ತು. ನನಗೆ ಆ ಕೋಣೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. "ಅಂವ ಬರೂ ದಾರಿ ನೀ ಕಡಿದಿ," ಎಂದರು ಒಂದು ದಿನ. ನಾನೂ ಸುಮ್ಮನಿರಲಿಲ್ಲ. "ದಾರಿ ಇದ್ರ ತಾನ ಕಡಿಯೂದು," ಎಂದೆ. ಅವತ್ತು ಇಬ್ಬರೂ ಬೇರೆ ಬೇರೆ ಉಂಡೆವು.

ಕೊನೆಗೆ ಬಂತು. ಸದ್ದೇ ಬೇರೆ, ಹಕ್ಕಿ ಕಿರಿಚಿದ ಹಾಗೆ ತೆಳ್ಳಗೆ. ಒಂದು. ಎರಡು. ನಿಂತಿತು. ಕಿಟಕಿಯಲ್ಲಿ ಅಂಕಿಗಳು ಮಾತ್ರ ಹೊಳೆಯುತ್ತಲೇ ಇದ್ದವು.

"ಅದೇನ ಹೊಳ್ಯಾಕತ್ತೈತಿ?" ಅತ್ತೆ ಕೇಳಿದರು.

"ನಂಬರ್ ರಿ. ಯಾರ್ ಮಾಡಿದ್ರು ಅವರದು."

ಅವರು ಹತ್ತಿರ ಬಂದು ಆ ಅಂಕಿಗಳ ಮೇಲೆ ಬೆರಳಾಡಿಸಿದರು. ಇಷ್ಟು ವರ್ಷ ಬರೀ ಸದ್ದಾಗಿದ್ದದ್ದು ಈಗ ಕಣ್ಣಿಗೆ ಕಾಣುತ್ತಿತ್ತು. "ಹಚ್ಚು," ಎಂದರು.

"ಎತ್ತಿದ್ರ ಬಿಡತಾನ ಅಂತಿದ್ರಿ?"

"ಹಚ್ಚಂದ್ರ ಹಚ್ಚು."

ನಾನು ಹಚ್ಚಿ ಸ್ಪೀಕರಿಗೆ ಹಾಕಿದೆ. ಬಹಳ ಹೊತ್ತು ಬಡಿಯಿತು. ಆಮೇಲೆ ಎತ್ತಿದರು, ಹಲೋ ಅನ್ನಲಿಲ್ಲ. ಯಾವುದೋ ದೊಡ್ಡ ಗಾಡಿಯ ಎಂಜಿನ್ನು ಗುರುಗುಟ್ಟುತ್ತಿತ್ತು, ಅದು ಆರಿತು. ಒಳಗೆ ಆ ಬಾವಿಯ ಮೌನ. ಮತ್ತೆ ಗಂಡಸಿನ ದನಿಯೊಂದು, ಕೇಳಿಸಿಯೂ ಕೇಳಿಸದ ಹಾಗೆ, "ನೀನ ಏನ?" ಎಂದಿತು.

"ಹೂಂ," ಎಂದರು ಅತ್ತೆ. "ನಾನ."

"ಯಾವತ್ತೂ ಎತ್ತಿದ್ದಿಲ್ಲಲ್ಲ ನೀ."

"ನೀ ಎರಡ ಬಡಿದು ಬಿಡತಿದ್ದಿ. ಎಲ್ಲಿ ಅದಿ?"

"ಘಟ್ಟ ಇಳದೇನಿ. ಮೊಲ್ಲೆಂ ಮುಟ್ಟೇನಿ. ನೀ ಎಲ್ಲಿಂದ ಮಾತಾಡಾಕತ್ತಿ?"

"ಮನ್ಯಾಗಿಂದ."

ಅದು ಮೈದುನನ ದನಿಯಲ್ಲ. ವಯಸ್ಸಾದವನ, ಬೀಡಿ ಸೇದಿ ಒಡೆದ ದನಿ. ಅತ್ತೆಯ ಕಿವಿ ಅಷ್ಟೇನೂ ಮಂದವಿರಲಿಲ್ಲ, ಆದರೆ ಅವರಿಗೆ ಬೇಕಾದದ್ದೇ ಅವರಿಗೆ ಕೇಳುತ್ತಿತ್ತು. ಆ ಕಡೆಯವನಿಗೂ ಹಾಗೆಯೇ. ತಾವು ಯಾರ ಜೊತೆ ಮಾತಾಡುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿಲ್ಲ, ಇಬ್ಬರಿಗೂ ಸಂಶಯವೂ ಇಲ್ಲ. ನಾನು ನಡುವೆ ಬಾಯಿ ಹಾಕಿ, "ಯಾರ್ರಿ ನೀವು?" ಎಂದೆ.

ಹೊಸ ದನಿ ಕೇಳಿ ಅವನು ಬೆಚ್ಚಿದ. ಬಿಡಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಗದಗದ ಕಡೆಯ ಲಾರಿ ಡ್ರೈವರ್. ಹೆಂಡತಿಯೊಂದಿಗೆ ಇದೇ ಸಡಾದಲ್ಲಿ, ಕೆಳಗಿನ ಓಣಿಯಲ್ಲಿ ಇದ್ದವನು. ಆಗ ಈ ನಂಬರು ಅವರ ಮನೆಯದು. ಅನಮೋಡ ಘಟ್ಟ ಇಳಿದ ಕೂಡಲೇ ಎರಡು ರಿಂಗು ಕೊಡುತ್ತಿದ್ದ. ಅದನ್ನು ಕೇಳಿ ಅವಳು ರೊಟ್ಟಿಯ ಹಂಚು ಒಲೆಗಿಡುತ್ತಿದ್ದಳು. ಅವಳು ಸತ್ತಳು, ಮನೆ ಬಿಟ್ಟ, ಫೋನು ತೆಗೆಸಿದ. ನಂಬರು ಸುತ್ತಿ ಬಂದು ನಮಗೆ ಸಿಕ್ಕಿತ್ತು.

"ಬ್ಯಾರೇದವ್ರಿಗಿ ಹೋಗಿರಬೇಕು ಅಂತ ಗೊತ್ತಿತ್ರಿ," ಎಂದ. "ಆದ್ರೂ ಆ ರಿಂಗ್ ಕೊಡದ ಮುಂದ ಗಾಡಿ ಹೊಡ್ಯಾಕ ಕೈ ಬರತಿದ್ದಿಲ್ಲ. ಯಾರೂ ಎತ್ತತಿದ್ದಿಲ್ಲ ನೋಡ್ರಿ. ಎತ್ತಲಿಲ್ಲಂದ್ರ ಅಕಿ ಅಲ್ಲೇ ಅದಾಳ ಅನಸ್ತಿತ್ತು. ಮೊಬೈಲ್ ತಗೊಂಡಾಗೂ ಇದನ್ನ 'ಮನಿ' ಅಂತನ ಹಾಕ್ಕೊಂಡೇನ್ರಿ. ಈಗ ಮನೀಂದ ಫೋನ್ ಬಂತು. ಗಾಡಿ ಬದಿಗಿ ಹಚ್ಚಿ ಕುಂತೇನಿ."

ಅತ್ತೆ ಬೀಳುತ್ತಾರೆಂದು ನಾನು ತೋಳು ಹಿಡಿದೆ. ಅವರು ಕೈ ಕೊಸರಿಕೊಂಡು ಫೋನಿಗೆ ಬಾಗಿದರು.

"ಎಲ್ಲಾ ನಿನ್ನವೇನಪಾ? ಒಂದರ ಬ್ಯಾರೇದವ್ರದು ಇರಬಹುದಲ್ಲ?"

"ಅದು ನನಗ ಹ್ಯಾಂಗ ಗೊತ್ತಾಗಬೇಕ್ರಿ ಯವ್ವಾ."

"ಹೌದಪಾ. ಏನರ ಉಂಡು ಗಾಡಿ ಹೊಡಿ," ಎಂದು ಅತ್ತೆಯೇ ಕೈಯಾಡಿಸಿ ಫೋನು ಇಟ್ಟರು.

ಅವನ ಆ ಉತ್ತರವನ್ನೇ ನೆಚ್ಚಿಕೊಂಡು ಅತ್ತೆ ಒಂದಷ್ಟು ದಿನ ಕಳೆದರು. ಎರಡು ರಿಂಗಿಗೆ ಬೇರೆ ನಂಬರು ಹೊಳೆದರೆ ಸಾಕು, ಅದು ಮಗನದು. ದಿನಾ ದೀಪ ಹಚ್ಚಿದ ಮೇಲೆ, "ನೋಡು," ಎನ್ನುತ್ತಿದ್ದರು. ನಾನು ಕಿಟಕಿ ನೋಡಿ ಇಲ್ಲ ಎನ್ನುತ್ತಿದ್ದೆ. ಅವರು ಹೇಳದಿದ್ದಾಗಲೂ ನೋಡುತ್ತಿದ್ದೆ, ಬ್ಲೌಸಿಗೆ ಗುಂಡಿ ಹಚ್ಚುವ ನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಗಿರಾಕಿಗಳ ನಂಬರು, ಸಾಲ ಬೇಕೇ ಎನ್ನುವವರ ನಂಬರು. ಎರಡೇ ರಿಂಗು ಕೊಟ್ಟು ಬಿಟ್ಟವರು ಒಬ್ಬರೂ ಇರಲಿಲ್ಲ. ಡ್ರೈವರನೂ ಬಿಟ್ಟಿದ್ದ. ನಮ್ಮ ದನಿ ಕೇಳಿದ ಮೇಲೆ ಅವನಿಗಾದರೂ ಆ ಮನೆಯಲ್ಲಿ ಅವಳು ಹೇಗೆ ಉಳಿದಾಳು?

ಜಿಟಿ ಜಿಟಿ ಮಳೆಯ ಒಂದು ಸಂಜೆ. ಗಂಡ ಎರಡನೇ ಪಾಳಿಗೆ ಹೋಗಿದ್ದರು. ಕಿಟಕಿಯ ಕಟ್ಟೆಯ ಮೇಲೆ ಬಂದರಿನ ಕಲ್ಲಿದ್ದಲ ಧೂಳು ನೆನೆದು ಕರಿ ನೀರಾಗಿ ಇಳಿಯುತ್ತಿತ್ತು. ಫೋನು ಬಡಿಯಿತು. ಒಂದು. ಎರಡು. ನಿಂತಿತು. ನಾನು ಕತ್ತರಿ ಕೆಳಗಿಟ್ಟು ಫೋನಿನ ಕಿಟಕಿ ನೋಡಿದೆ. ಡ್ರೈವರನದೇ; ರೂಢಿ ಅವನನ್ನೂ ಬಿಟ್ಟಿರಲಿಲ್ಲ.

"ಅದ ನಂಬರೇನ?" ಅತ್ತೆ ಕೂತಲ್ಲಿಂದಲೇ ಕೇಳಿದರು.

ಸುಳ್ಳು ಹೇಳಬಹುದಿತ್ತು. ಅವರಿಗೆ ಅಂಕಿ ಓದಲು ಬಾರದು. ಆದರೆ ನನ್ನ ಬಾಯಿಂದ ಅದು ಹೊರಡಲಿಲ್ಲ. "ಹೂಂ ರಿ. ಅದ."

"ಹಂಗಾರ ಎಲ್ಲಾ ಆ ಡ್ರೈವರನವ," ಎಂದು ಅವರು ಎದ್ದರು. ನೇರ ಬಚ್ಚಲಿಗೆ ಹೋದರು, ಬಾಗಿಲು ಹಾಕಲಿಲ್ಲ. ತಣ್ಣೀರಿನ ಕೊಡದಿಂದ ತಂಬಿಗೆ ತುಂಬಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಸುರಿದುಕೊಂಡರು. ಮತ್ತೊಂದು. ಮತ್ತೊಂದು. ದೂರದಲ್ಲಿ ಸತ್ತವರ ಸುದ್ದಿ ಮುಟ್ಟಿದಾಗ ನಮ್ಮಲ್ಲಿ ಹಾಗೆ ನೀರು ಹಾಕಿಕೊಳ್ಳುತ್ತಾರೆ. ಅವರು ಅಳುತ್ತಿರಲಿಲ್ಲ. ನಾನು ಇಷ್ಟು ವರ್ಷ ಬೇಡಿಕೊಂಡದ್ದು ಕಣ್ಣೆದುರಿಗೆ ನಡೆಯುತ್ತಿತ್ತು.

"ನೀನೂ ಬಾ," ಎಂದರು, ಬಿಳಿ ಕೂದಲಿಂದ ನೀರು ಸೋರುತ್ತ. "ಮನ್ಯಾವರೆಲ್ಲಾ ಹಾಕ್ಕೋಬೇಕು."

ತಂಬಿಗೆ ತುಂಬಿ ನನ್ನ ಕಡೆ ಚಾಚಿದರು. ನಾನು ಬಚ್ಚಲಿನ ಹೊಸ್ತಿಲ ಮೇಲೆ ನಿಂತಿದ್ದೆ. ನನ್ನ ಕಿವಿ ಇನ್ನೂ ಫೋನಿನ ಕಡೆಗೇ ಇತ್ತು.

"ನಾ ಹಾಕ್ಕೊಳ್ಳೂದಿಲ್ರಿ," ಎಂದೆ.